ನೇರಳೆ ಅಂದ್ರ ಯಾವ ನೇರಳೆ? ಚರ್ಚಿನ ಬಣ್ಣದ ಬಗ್ಗೆ ತಿಳಿದವರು ಹೇಳ್ರಿ

ಬೆಟಗೇರಿ ಮಗ್ಗ

ಎಲ್ಲಾರಿಗೂ ನಮಸ್ಕಾರ್ರಿ. ನಾವು ಬೆಟಗೇರಿಯ ನೇಕಾರರು. ಸೀರಿ ನೇಯ್ಕೊಂತ ಬಂದವರು, ಚರ್ಚಿನ ಕೆಲಸ ಇದ ಮೊದಲು. ಒಂದು ಚರ್ಚಿನ ಕಮಿಟಿಯವರು ಬಂದು ವೇದಿಗೆ ಹಾಸೋ ಬಟ್ಟಿ, ಪ್ರಸಂಗ ಮಾಡೋ ಪೀಠದ ಮುಂದ ಇಳಿಬಿಡೋ ಪಟ್ಟಿ, ಅಯ್ಯನವರು (ಪಾದ್ರಿ) ಕೊರಳಾಗ ಹಾಕ್ಕೊಳ್ಳೋ ಸ್ಟೋಲು, ಇಷ್ಟು ಕೂಡಿ ಒಂದು ಸೆಟ್ಟು ಅಂದ್ರು. ಬಿಳಿ, ಕೆಂಪು, ಹಸಿರು, ನೇರಳೆ, ಹಿಂಗ ನಾಕು ಸೆಟ್ಟು ಬೇಕಂತ. ಮೂರು ಬಣ್ಣಕ್ಕ ತಕರಾರು ಬರಲಿಲ್ಲ. ನೇರಳೆ ಮಾತ್ರ ಪಾಸ್ ಆಗವಲ್ದು.

ಸ್ಯಾಂಪಲ್ಲಿಗೆ ಹಾಸು ಕೆಂಪು, ಹೊಕ್ಕು ನೀಲಿ ಇಟ್ಟು ನೇಯ್ದಿದ್ದೆ. ಚರ್ಚಿನ ಒಳಗ ಟ್ಯೂಬ್‌ಲೈಟ್ ಬೆಳಕಿಗೆ ಹಿಡದ್ರ ಖಜಾಂಚಿಯವರು "ಇದು ನೀಲಿ" ಅಂದ್ರು. ಮೆಟ್ಟಲ ಮ್ಯಾಲೆ ಬಿಸಲಿಗೆ ತಂದ್ರ ಮಹಿಳಾ ಸಂಘದ ಅಕ್ಕಾರು "ಇದು ರಾಣಿ ಬಣ್ಣ, ಬೀಗರ ಸೀರಿ ಆಗ್ತೈತಿ" ಅಂದ್ರು. ಒಬ್ಬ ಹಿರಿಯರು ಮಡಿಕಿ ಬಿಚ್ಚಿ, ಮೂಲಿ ಹಿಡದು ಹಿಂದ ಮುಂದ ಅಲ್ಲಾಡಿಸಿ, "ನಮ್ಮ ಹಳೇದು ಬದನಿಕಾಯಿ ಬಣ್ಣ ಇತ್ತು" ಅಂದ್ರು. ಹಳೇದು ತೋರಸ್ರಿ ಅಂದ್ರ ಅದು ಮಾಸಿ ಬೂದಿ ಆಗೈತಿ.

ಇದಕ್ಕ ಏನರ ನಿಯಮ ಐತೇನ್ರಿ? ಇಂಥಾದ್ದ ನೇರಳೆ ಅಂತ? ಮತ್ತ ಈ ಬಣ್ಣ ಯಾಕ ಬೇಕು, ಯಾವ ಬಣ್ಣ ಜಾಸ್ತಿ ದಿನ ವೇದಿ ಮ್ಯಾಲೆ ಇರ್ತೈತಿ? ಅದು ಗೊತ್ತಾದ್ರ ನೂಲು ಎಷ್ಟು ದಪ್ಪ ಹಿಡೀಬೇಕು ಅಂತ ನಾನು ಲೆಕ್ಕ ಹಾಕ್ತೀನಿ. ನಾವು ನಿಮ್ಮ ಧರ್ಮದವರಲ್ಲ, ಕೇಳೂದ್ರಾಗ ಹೆಚ್ಚುಕಡಿಮಿ ಆದ್ರ ಸಿಟ್ಟಾಗಬ್ಯಾಡ್ರಿ.

ಘಂಟಿಕೇರಿ ಅಕ್ಕ

ಸಿಟ್ಟು ಯಾಕ್ರಿ ಅಣ್ಣಾರ, ನಮ್ಮ ಮಂದಿಗೇ ಅರ್ಧಕ್ಕರ್ಧ ಗೊತ್ತಿರಂಗಿಲ್ಲ. ನೇರಳೆ ಎರಡು ಕಾಲಕ್ಕ ಬರ್ತೈತಿ. ಒಂದು ಕ್ರಿಸ್‌ಮಸ್ಸಿನ ಮುಂದಿನ ನಾಕು ರವಿವಾರ, ಅಡ್ವೆಂಟ್ ಅಂತೀವಿ. ಇನ್ನೊಂದು ಬೂದಿ ಬುಧವಾರದಿಂದ ಈಸ್ಟರ್ ಮುಂದಿನ ತನಕ, ಲೆಂಟ್. ಮೊದಲನೇದು ಬರೂ ಅರಸನ ದಾರಿ ಕಾಯೂದು, ಎರಡನೇದು ಪಶ್ಚಾತ್ತಾಪ, ಉಪವಾಸ. ಅದಕ್ಕ ಬಣ್ಣ ಗಂಭೀರ ಇರಬೇಕು, ಮಿಂಚಬಾರದು. ಹಾಸಿಗೊಂದು ಹೊಕ್ಕಿಗೊಂದು ಬಣ್ಣದ ಧೂಪ್‌ಛಾಂವ್ ನೇಯ್ಗಿ ಹಾಕಿದ್ದಕ್ಕ ನಿಮಗ ತ್ರಾಸಾಗೈತಿ. ಒಂದ ಬಣ್ಣದಾಗ ಅದ್ದಿದ ನೂಲು ತಗೊಂಡು ನೇಯ್ರಿ, ಅರ್ಧ ಜಗಳ ಕಡಿಮಿ ಆಗ್ತೈತಿ.

ಫೇಡಾ ಲೈನ್

ಕಮಿಟಿಯವರು ಒಂದ ಬಣ್ಣಕ್ಕ ಒಪ್ಪಿದ್ರ ಅದು ಕಮಿಟಿ ಹೆಂಗಾದೀತು? 😄

ಕೇಶ್ವಾಪುರ ಹುಡುಗ

ನಾವು ಕಥೋಲಿಕರು, ನಮ್ಮ ಲೆಕ್ಕ ಹೇಳ್ತೀನಿ. ಸಿಎಸ್‌ಐದವರದು (ದಕ್ಷಿಣ ಭಾರತ ಸಭೆ, ಪ್ರೊಟೆಸ್ಟಂಟರು) ಒಂದೆರಡು ಕಡೆ ಬ್ಯಾರೆ ಇರಬಹುದು.

ಬಿಳಿ: ಕ್ರಿಸ್‌ಮಸ್ ಕಾಲ, ಪಾಸ್ಖ (ಈಸ್ಟರ್) ಕಾಲ, ಮಾತೆ ಮರಿಯಮ್ಮನ ಹಬ್ಬಗಳು, ರಕ್ತಸಾಕ್ಷಿ (ಧರ್ಮಕ್ಕಾಗಿ ಜೀವ ಕೊಟ್ಟವರು) ಅಲ್ಲದ ಸಂತರು. ಕೆಂಪು: ಗರಿಗಳ ಹಬ್ಬ (ಈಸ್ಟರಿನ ಹಿಂದಿನ ರವಿವಾರ), ಶುಭ ಶುಕ್ರವಾರ (ಗುಡ್ ಫ್ರೈಡೇ), ಪೆಂತೆಕೋಸ್ತ್ (ಪವಿತ್ರಾತ್ಮ ಇಳದು ಬಂದ ಹಬ್ಬ), ಪ್ರೇಷಿತರು (ಯೇಸುವಿನ ಶಿಷ್ಯರು), ರಕ್ತಸಾಕ್ಷಿಗಳು. ಒಂದು ಕಡೆ ರಕ್ತ, ಇನ್ನೊಂದು ಕಡೆ ಪವಿತ್ರಾತ್ಮದ ಬೆಂಕಿ, ಎರಡಕ್ಕೂ ಅದ ಬಣ್ಣ. ನೇರಳೆ ಅಕ್ಕಾರು ಹೇಳಿದಂಗ. ಉಳಿದದ್ದೆಲ್ಲ ಸಾಧಾರಣ ಕಾಲ, ಅದಕ್ಕ ಹಸಿರು. ಈ ಸಾಧಾರಣ ಕಾಲ 33 ಇಲ್ಲಾ 34 ವಾರ ಇರ್ತೈತಿ. ನಡುವ ತ್ರಯೇಕ ಹಬ್ಬ, ಕ್ರಿಸ್ತರಾಜರ ಹಬ್ಬ ಅಂತ ಬಂದು ಒಂದೆರಡು ರವಿವಾರ ಬಿಳಿ ಆಗ್ತಾವ. ಅಂದಾಜು ನೋಡಿದ್ರ ವರ್ಷದ 52 ರವಿವಾರದಾಗ 30ರ ಆಸುಪಾಸು ಹಸಿರು, 12-13 ಬಿಳಿ, 9 ನೇರಳೆ. ಕೆಂಪು ರವಿವಾರಕ್ಕ ಬರೂದು ಭಾಳ ಕಡಿಮಿ, ಅದು ಹಬ್ಬದ ದಿನದ್ದು.

ಅಣ್ಣಾರ, ನಿಮ್ಮ ಕೆಲಸಕ್ಕ ಬೇಕಾದ ಮಾತು ಇದು: ಹಸಿರ ಗಟ್ಟಿ ನೇಯ್ರಿ.

ಫೇಡಾ ಲೈನ್

ಗುಲಾಬಿ ಬಿಟ್ರೆಲ್ಲೋ ತಮ್ಮಾ.

ಕೇಶ್ವಾಪುರ ಹುಡುಗ

ಬರಾಕತ್ತಿದ್ದೆ. ಅಡ್ವೆಂಟಿನ ಮೂರನೇ ರವಿವಾರ, ಲೆಂಟಿನ ನಾಕನೇ ರವಿವಾರ, ಈ ಎರಡು ದಿನ ಗುಲಾಬಿ ಹಾಕಬಹುದು. ಉಪವಾಸದ ನಡುವ ಒಂದು ಸ್ವಲ್ಪ ಉಸಿರು ಬಿಡೂ ದಿನ. ಹಾಕಬೇಕು ಅಂತ ಕಡ್ಡಾಯ ಇಲ್ಲ. ವರ್ಷಕ್ಕ ಎರಡ ದಿನಕ್ಕ ಯಾರು ರೊಕ್ಕ ಹಾಕ್ತಾರ ಅಂತ ಭಾಳ ಕಡೆ ನೇರಳೆನ ಮುಂದುವರಿಸ್ತಾರ. ನಮ್ಮ ಫಾದರ್ ಒಬ್ಬರು ಅದನ್ನ ಹಾಕ್ಕೊಂಡು ಬಂದಾಗ ಹಿಂದಿನ ಬೆಂಚಿನ ಹುಡುಗುರು ನಕ್ಕು ಬೈಸಿಕೊಂಡ್ರು.

ರೇಲ್ವೆ ಕಾಲನಿ

ಶುಭ ಶುಕ್ರವಾರಕ್ಕ ಕೆಂಪು ಅಂದ್ರಿ? ನಮ್ಮ ತಂದಿಯವರು ಇರೂತನಕ ಆ ದಿನ ಕಪ್ಪು ಅಂತ ಹೇಳತಿದ್ರು. ಮನ್ಯಾಗ ನಮ್ಮವ್ವ ಕಪ್ಪು ಅಂಚಿನ ಸೀರಿ ಬಿಟ್ಟು ಬ್ಯಾರೆ ಉಡತಿದ್ದಿಲ್ಲ. ಈಗಿನ ಹುಡುಗರಿಗೆ ಕೆಂಪು ಹೆಂಗ ಬಂತು? ಕರ್ತನ ಮರಣದ ದಿನ ಕೆಂಪು ಹಾಸೂದು ನನಗ ಇನ್ನೂ ಕಣ್ಣಿಗೆ ಹೊಂದಂಗಿಲ್ಲ.

ಮಾಳಮಡ್ಡಿ ಮಾಸ್ತರ

ನಿಮ್ಮ ತಂದಿಯವರು ಹೇಳಿದ್ದು ಖರೆ ಅದ. ಇದನ್ನ ಸ್ವಲ್ಪ ಬಿಡಿಸಿ ಹೇಳಬೇಕು, ಬೇಜಾರಾದ್ರ ಕೆಳಗ ಹೋಗ್ರಿ.

ಮೊದಲ ಸಾವಿರ ವರ್ಷ ಚರ್ಚಿನೊಳಗ ಹಿಂಗ ಕಾಲಕ್ಕೊಂದು ಬಣ್ಣ ಅನ್ನೋ ಒಂದ ಕಟ್ಟಳೆ ಇರಲಿಲ್ಲ. ಹಬ್ಬಕ್ಕ ಇದ್ದದ್ರಾಗ ಭಾರೀ ಬಟ್ಟಿ, ಉಪವಾಸಕ್ಕ ಸಾದಾ ಬಟ್ಟಿ, ಅಷ್ಟ. 12ನೇ ಶತಮಾನದ ಕೊನಿಗೆ ರೋಮಿನ ಲೊತಾರಿಯೋ ಅನ್ನೋ ಕಾರ್ಡಿನಲ್ ಒಬ್ಬರು ಪೂಜಾ ಪದ್ಧತಿ ಬಗ್ಗೆ ಬರೆದ್ರು. ಮುಂದ ಅವರ 1198ರಾಗ ಮೂರನೇ ಇನೊಸೆಂಟ್ ಅಂತ ಪೋಪ್ ಆದ್ರು. ಅವರು ಎಣಿಸಿದ ಮುಖ್ಯ ಬಣ್ಣ ನಾಕು: ಬಿಳಿ, ಕೆಂಪು, ಕಪ್ಪು, ಹಸಿರು. ನೇರಳೆ ಅವರ ಪಟ್ಟಿಯೊಳಗ ಕಪ್ಪಿನ ಕೈಕೆಳಗ ಬರೋದು, ಸ್ವತಂತ್ರ ಅಲ್ಲ. ಅಂದ್ರ ಬೆಟಗೇರಿಯವರ ತಲಿನೋವಿನ ಬಣ್ಣ ಹುಟ್ಟಿದ್ದ ಕಪ್ಪಿನ ಬದಲಿಯಾಗಿ. 1570ರ ಪೂಜಾಗ್ರಂಥದ ಹೊತ್ತಿಗೆ ನೇರಳೆಗೂ ಅದರದ ಜಾಗ ಸಿಕ್ಕು ಐದು ಬಣ್ಣ ಆದವು.

ಶುಭ ಶುಕ್ರವಾರ ಕಥೋಲಿಕರಲ್ಲಿ ಕಪ್ಪೇ ಇತ್ತು. 1955ರಾಗ ಪೋಪ್ 12ನೇ ಪಯಸ್ ಪವಿತ್ರ ವಾರದ ವಿಧಿ ಸುಧಾರಿಸಿದರು, ಆಗ ಗರಿಗಳ ಮೆರವಣಿಗಿಗೆ ಕೆಂಪು ಬಂತು. 1970ರ ಹೊಸ ಪೂಜಾಗ್ರಂಥ ಶುಭ ಶುಕ್ರವಾರಕ್ಕೂ ಕೆಂಪು ಮಾಡಿತು. ಯೇಸು ಸತ್ತ ಅಂತ ಅಳೋದಕ್ಕಿಂತ, ರಕ್ತ ಕೊಟ್ಟ ಅನ್ನೋದರ ಮ್ಯಾಲೆ ಒತ್ತು. ಕಪ್ಪು ಪೂರಾ ಹೋಗಿಲ್ಲ, ಸತ್ತವರ ಪೂಜಿಗೆ ಇವತ್ತಿಗೂ ಹಾಕಬಹುದು.

ಛಾಯೆಯ ಬಗ್ಗೆ, ಅಂದ್ರ ಎಷ್ಟು ಕೆಂಪು, ಎಷ್ಟು ನೀಲಿ ಅಂತ, ಯಾವ ಗ್ರಂಥವೂ ಕಟ್ಟು ಹಾಕಿಲ್ಲ. ಹಾಕಲಿಕ್ಕೆ ಬರ್ತಿರಲಿಲ್ಲ. ಹಿಂದ ಅರಸರ ನೇರಳೆ ಅಂದ್ರ ಸಮುದ್ರದ ಒಂದು ಜಾತಿ ಬಸವನಹುಳದಿಂದ ತೆಗಿಯೋ ಬಣ್ಣ. ರಾಶಿ ಹುಳ ಕೊಂದ್ರ ಚೂರು ಬಣ್ಣ. 1453ರಾಗ ಕಾನ್‌ಸ್ಟಾಂಟಿನೋಪಲ್ ಬಿದ್ದ ಮ್ಯಾಲೆ ಆ ಕಸುಬು ನಿಂತು, 1464ರಾಗ ಎರಡನೇ ಪಾಲ್ ಅನ್ನೋ ಪೋಪ್ ಕಾರ್ಡಿನಲ್‌ಗಳ ಬಟ್ಟಿಗೆ ಓಕ್ ಮರದ ಕೀಟದಿಂದ ತೆಗೆದ ಕಡುಗೆಂಪು ಹಚ್ಚಿಸಿದ್ರು. ಇವತ್ತು ನೋಡೋ ಕೆಂಪು ಟೊಪ್ಪಿಗಿ ಕಾರ್ಡಿನಲ್‌ಗಳ ಬಣ್ಣದ ಹಿಂದ ಬಣ್ಣಗಾರನ ಅಂಗಡಿ ಅದ. ಆಮ್ಯಾಲೆ 1856ರಾಗ ಪರ್ಕಿನ್ ಅನ್ನೋ 18 ವರ್ಷದ ಹುಡುಗ ಲಂಡನ್ನಿನಾಗ ಮಲೇರಿಯಾ ಔಷಧಿ ಮಾಡಾಕ ಹೋಗಿ ಮೊದಲ ಕೃತಕ ಬಣ್ಣ ಕಂಡುಹಿಡಿದ. ಅದು ಯಾವ ಬಣ್ಣ ಗೊತ್ತೇನು? ನೇರಳೆ. ಆಗಿಂದ ಬಡ ಚರ್ಚಿಗೂ ಅರಸರ ಬಣ್ಣ ಅಗ್ಗ ಆತು.

ಫೇಡಾ ಲೈನ್

ಮಾಸ್ತರ, ಅವರು ಕೇಳಿದ್ದು ಬೆಟಗೇರಿಯಾಗ, ನೀವು ಉತ್ತರ ಕೊಟ್ಟದ್ದು ಕಾನ್‌ಸ್ಟಾಂಟಿನೋಪಲ್ಲಿನಾಗ.

ಬೆಟಗೇರಿ ಮಗ್ಗ

ಇಲ್ರಿ, ನನಗ ಇದು ಬೇಕಾಗಿತ್ತು. ಛಾಯೆಗೆ ಕಟ್ಟಳೆ ಇಲ್ಲ ಅನ್ನೋದು ದೊಡ್ಡ ಮಾತು. ಮಾಸ್ತರ್ರು ಬರದದ್ದನ್ನ ಖಜಾಂಚಿಯವರಿಗೆ ತೋರಸ್ತೀನಿ.

ರೇಲ್ವೆ ಕಾಲನಿ

ಮಾಸ್ತರ, ಒಪ್ಪಿದೆ. ಆದ್ರೂ ನಮ್ಮ ಚರ್ಚಿನಾಗ ಆ ದಿನ ಏನೂ ಹಾಸಬಾರದು, ವೇದಿ ಬೋಳು ಇರಬೇಕು ಅಂತ ನನ್ನ ವಾದ. ಹಿಂದಿನ ರಾತ್ರಿ ಎಲ್ಲಾ ಬಟ್ಟಿ ತಗದು ಮಡಚಿ ಇಡತಿದ್ರು. ಬರೇ ಕಟಗಿ ಕಾಣತಿತ್ತು. ಅದಕ್ಕಿಂತ ಜೋರಾದ ಬಣ್ಣ ಯಾವ್ದು ಹೇಳ್ರಿ.

ಘಂಟಿಕೇರಿ ಅಕ್ಕ

ಅದು ಈಗೂ ಐತ್ರಿ ಕಾಕಾ. ಗುರುವಾರ ಕರ್ತನ ಭೋಜನ ಮುಗದ ಮ್ಯಾಲೆ ನಾವ ತಗೀತೀವಿ. ಹೋದ ಸಲ ಮೇಣದ ಕಲೆ ನೋಡಿ ಯಾರು ತೊಳೀಬೇಕು ಅಂತ ಅಲ್ಲೇ ಒಂದು ಮೀಟಿಂಗ್ ಆತು.

ಹಾವೇರಿ ಏಲಕ್ಕಿ

ನಾನು ಮದುವಿ ಆಗಿ ಈ ಮನಿತನಕ್ಕ ಬಂದವಳು, ತವರುಮನಿ ಹಿಂದೂ. ನನಗ ಮೊದಲ ವರ್ಷ ಭಾಳ ಗೊಂದಲ ಆಗಿದ್ದು ನೇರಳೆ ಅಲ್ಲ, ಬಿಳಿ. ನಮ್ಮ ಕಡೆ ಬಿಳಿ ಸೀರಿ ಯಾವಾಗ ಉಡ್ತಾರ ಅಂತ ಬಾಯಿ ಬಿಟ್ಟು ಹೇಳಬೇಕೇನು? ಮದುವಿಗೆ ಬಿಳಿ ಸೀರಿ ಅಂತ ಅತ್ತಿಯವರು ಅಂದಾಗ ನಮ್ಮ ಚಿಗವ್ವ ಅತ್ತು ಕರದು, "ನಮ್ಮ ಹುಡುಗಿಗೆ ಮೊದಲ ದಿನಾನ ಬಿಳಿ ಉಡಿಸ್ತೀರೇನು" ಅಂತ ಗದ್ದಲ ಮಾಡಿದ್ರು. ಕೊನಿಗೆ ಬಂಗಾರದ ಅಂಚಿನ ಕೆನಿ ಬಣ್ಣದ ರೇಷ್ಮಿ ಸೀರಿ, ಕೈತುಂಬ ಹಸಿರ ಬಳಿ ಅಂತ ರಾಜಿ ಆತು. ಅಯ್ಯನವರು ಬಳಿ ನೋಡಿ ಏನೂ ಅನ್ನಲಿಲ್ಲ.

ಹಸಿರು ನಮ್ಮ ಕಡೆ ಮುತ್ತೈದಿತನದ ಬಣ್ಣ, ಸೀಮಂತದ ಬಣ್ಣ. ಚರ್ಚಿನಾಗ ನೋಡಿದ್ರ ಅದು ವಿಶೇಷ ಏನೂ ಇಲ್ಲದ ದಿನದ ಬಣ್ಣ! ಕಪ್ಪು ಅಶುಭ ಅಂತೀರಿ, ಸಂಕ್ರಮಣಕ್ಕ ಹೊಸ ಮದುಮಗಳಿಗೆ ಚಂದ್ರಕಾಳಿ ಸೀರಿ ಉಡಿಸೂ ಮಂದಿ ನಾವು. ಯೂರೋಪಿನ ಅರ್ಥಾನ ನಮ್ಮ ತಲಿ ಮ್ಯಾಲೆ ಹೊರೂದು ಎಷ್ಟು ಸರಿ?

ಕೇಶ್ವಾಪುರ ಹುಡುಗ

ಅಕ್ಕಾರ, ಹಸಿರು ವಿಶೇಷ ಇಲ್ಲದ್ದು ಅಲ್ರಿ. ಬೆಳವಣಿಗಿ, ಭರವಸೆ ಅಂತ ಹೇಳ್ತಾರ. ನಮ್ಮ ಕಡೆ ಪೆಂತೆಕೋಸ್ತ್ ಮುಗದು ಹಸಿರು ಬರೂದು ಮೇ ಕೊನಿಗೋ ಜೂನಿಗೋ. ಹೊರಗ ಹೆಸರು, ಶೇಂಗಾ ಬಿತ್ತೂ ಹೊತ್ತು. ನನಗಂತೂ ಅದು ಇಲ್ಲಿದ್ದ ಬಣ್ಣಾನ ಅನಸ್ತೈತಿ.

ಹಾವೇರಿ ಏಲಕ್ಕಿ

ಮಳಿ ಆದ್ರ. ಆಗದಿದ್ರ ಹೊರಗ ಬೂದಿ ಬುಧವಾರ.

ಮಳೆಹನಿ ಗದಗ

😂😂 ಇದಕ್ಕ ನನ್ನ ಓಟು.

ಬೈಬಲ್ ಒಂದೇ

ಇಷ್ಟೆಲ್ಲ ಬರೆದಿರಿ, ಒಂದು ಪ್ರಶ್ನೆ. ಈ ಬಣ್ಣದ ಕಟ್ಟಳೆ ಬೈಬಲಿನಲ್ಲಿ ಎಲ್ಲಿದೆ? ಯೇಸು ಶಿಷ್ಯರಿಗೆ "ಈ ತಿಂಗಳು ಹಸಿರು ಹಾಸಿರಿ" ಅಂದರೇ? ನಾವು ನಮ್ಮ ಸಭೆಯಲ್ಲಿ ಮೇಜು, ಮೈಕು, ಬೈಬಲ್ ಮಾತ್ರ ಇಟ್ಟಿದ್ದೇವೆ. ಮನುಷ್ಯರ ಸಂಪ್ರದಾಯಕ್ಕೆ ಹಣ ಸುರಿಯುವ ಬದಲು ಬಡವರಿಗೆ ಕೊಡಿ.

ಘಂಟಿಕೇರಿ ಅಕ್ಕ

ವಿಮೋಚನಕಾಂಡ 26 ತೆರದು ಓದ್ರಿ. ದೇವದರ್ಶನ ಗುಡಾರದ ಪರದೆಗೆ ನೀಲಿ, ನೇರಳೆ, ಕಡುಗೆಂಪು ದಾರ, ನಯವಾದ ನಾರುಬಟ್ಟಿ ಅಂತ ದೇವರ ಹೇಳ್ಯಾನ. ಮಾರ್ಕ 15ರಾಗ ಸಿಪಾಯಿಗಳು ಯೇಸುಗೆ ಉಡಿಸಿ ಅಣಕಿಸಿದ್ದು ಅದ ಅರಸರ ಬಣ್ಣ. ಲೆಂಟಿನಾಗ ನೇರಳೆ ನೋಡಿದಾಗ ನನಗ ನೆನಪಾಗೂದು ಆ ಅಣಕ.

ಬೈಬಲ್ ಒಂದೇ

ಮತ್ತಾಯ 27ರಲ್ಲಿ ಅದೇ ನಿಲುವಂಗಿ ಕೆಂಪು ಅಂತಿದೆ. ಈಗ ಯಾವ ಬಣ್ಣ ಹಾಸುತ್ತೀರಿ? ಗುಡಾರದ ಪರದೆ ವರ್ಷಪೂರ್ತಿ ಅದೇ ಇತ್ತು, ತಿಂಗಳಿಗೊಂದು ಬದಲಾಗುತ್ತಿರಲಿಲ್ಲ. ಕಾಲಕ್ಕೊಂದು ಬಣ್ಣಕ್ಕೆ ಅದು ಆಧಾರ ಆಗುವುದಿಲ್ಲ.

ಮಾಳಮಡ್ಡಿ ಮಾಸ್ತರ

ಕಾಲಕ್ಕೊಂದು ಬಣ್ಣಕ್ಕ ಬೈಬಲಿನ ಆಜ್ಞೆ ಇಲ್ಲ ಅನ್ನೋದು ಸರಿ ಅದ, ಅದನ್ನ ಒಪ್ಪಬೇಕು. ಅಪೊಸ್ತಲರ ಕೃತ್ಯಗಳು 16ರಾಗ ಲುದ್ಯ ಅನ್ನೋ ಹೆಣ್ಣುಮಗಳು ನೇರಳೆ ಬಟ್ಟಿ ಮಾರತಿದ್ಲು, ಆಕಿ ವ್ಯಾಪಾರ ಬಿಡು ಅಂತ ಪೌಲ ಹೇಳಲಿಲ್ಲ ಅನ್ನೋದೂ ಸರಿ ಅದ.

ನಮ್ಮ ಊರಿನ ಚರಿತ್ರಿ ನೋಡಿದ್ರ ಈ ವಾದ ಹೊಸದಲ್ಲ. ಬಾಸೆಲ್ ಮಿಷನ್ನಿನವರು (ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟಂಟ್ ಮಿಷನರಿ ಸಂಸ್ಥೆ) ಧಾರವಾಡಕ್ಕ ಬಂದದ್ದು 1837, ಹುಬ್ಬಳ್ಳಿಗೆ 1839, ಬೆಟಗೇರಿಗೆ 1841. ಅವರಾಗ ಹೆಚ್ಚಿನವರು ಜರ್ಮನಿಯ ಲೂಥರನ್ ಮನಿತನದವರು, ಕೆಲವರು ಸ್ವಿಟ್ಜರ್ಲೆಂಡಿನ ರಿಫಾರ್ಮ್ಡ್ ಮಂದಿ. ಸ್ವಿಸ್ ಕಡೆಯವರು 1520ರ ದಶಕದಾಗ ಜ್ಯೂರಿಕ್ಕಿನ ಚರ್ಚುಗಳಿಂದ ಮೂರ್ತಿ, ಚಿತ್ರ ಎಲ್ಲಾ ಹೊರಗ ಹಾಕಿದ ಪರಂಪರೆಯವರು. ಜರ್ಮನ್ ಪಾದ್ರಿಗಳದ್ದು ಕಪ್ಪು ನಿಲುವಂಗಿ, ಕೊರಳಾಗ ಎರಡು ಬಿಳಿ ಪಟ್ಟಿ. 1811ರಾಗ ಪ್ರಷ್ಯಾದ ಅರಸ ಅದನ್ನ ತನ್ನ ರಾಜ್ಯದ ಪಾದ್ರಿಗಳಿಗೆ ಅಧಿಕೃತ ಉಡುಪು ಮಾಡಿದ್ದ. ಅಂಥಾ ಮಂದಿ ಕಟ್ಟಿದ ಸಭೆಗೆ ಕಾಲಕಾಲದ ಬಣ್ಣ ಆಂಗ್ಲಿಕನ್ (ಇಂಗ್ಲೆಂಡಿನ ಸಭೆ) ಕಡೆಯಿಂದ, ಸಿಎಸ್‌ಐ ದಾರಿಯಿಂದ ಬಂದದ್ದು. ದಕ್ಷಿಣ ಭಾರತ ಸಭೆ ಹುಟ್ಟಿದ್ದ 1947ರ ಸೆಪ್ಟೆಂಬರ್ 27. ಆಂಗ್ಲಿಕನ್‌ರೊಳಗೂ ಇದು ಸುಲಭಕ್ಕ ಬರಲಿಲ್ಲ, 19ನೇ ಶತಮಾನದಾಗ ಇಂಗ್ಲೆಂಡಿನೊಳಗ ಪಾದ್ರಿಗಳ ಉಡುಪಿನ ಮ್ಯಾಲೆ ಕೋರ್ಟ್ ಕೇಸ್ ನಡೆದವು. ಬೆಟಗೇರಿ ಕಮಿಟಿಯವರದು ಅದಕ್ಕ ಹೋಲಿಸಿದ್ರ ಸಣ್ಣ ಜಗಳ.

ಮಳೆಹನಿ ಗದಗ

ಬೆಟಗೇರಿ ಅಂದ್ರ ನಮ್ಮ ಜರ್ಮನ್ ದವಾಖಾನಿ. ನಾನು ಹುಟ್ಟಿದ್ದ ಅಲ್ಲೆ. ಗದಗಿನ ಅರ್ಧ ಊರು ಅಲ್ಲೆ ಹುಟ್ಟೇತಿ.

ಫೇಡಾ ಲೈನ್

ಖಾಕಿ ಬಣ್ಣಾನೂ ಬಾಸೆಲ್ ಮಿಷನ್ನಿನವರ ಮಂಗಳೂರಿನ ನೇಯ್ಗಿ ಕಾರ್ಖಾನಿಯಾಗ ತಯಾರಾತು ಅಂತಾರಲ್ಲ ಮಾಸ್ತರ? ಪೊಲೀಸರಿಗೆ ಬಣ್ಣ ಕೊಟ್ಟವರು ತಮ್ಮ ಚರ್ಚಿಗೆ ಕಪ್ಪು ಇಟ್ಟುಕೊಂಡ್ರು.

ನಿರ್ವಾಹಕ

ಖಾಕಿ, ದವಾಖಾನಿ ಎರಡೂ ಬ್ಯಾರೆ ಎಳೆಯಾಗ ಮಾತಾಡ್ರಿ. ಇಲ್ಲಿ ವೇದಿ ಬಟ್ಟಿ.

ಸಾಧನಕೇರಿ ಸಂಜೆ

ಅಡ್ವೆಂಟಿನ ಮಾತು ಬಂತು ಅಂತ ಒಂದು ಸೇರಸ್ತೀನಿ. ಈಗ ಎಲ್ಲಾ ಕಡೆ ನಾಕು ಮೇಣದಬತ್ತಿ ಸಿಕ್ಕಿಸಿದ ಹಸಿರೆಲಿಯ ಚಕ್ರ ಇಡ್ತಾರಲ್ಲ, ಮೂರು ನೇರಳೆ ಒಂದು ಗುಲಾಬಿ, ಅದೂ ಪುರಾತನ ಅಲ್ಲ. ಹ್ಯಾಂಬರ್ಗಿನಾಗ ಬಡ ಹುಡುಗರ ಆಶ್ರಮ ನಡಸತಿದ್ದ ವಿಖರ್ನ್ ಅನ್ನೋ ಲೂಥರನ್ ಪಾದ್ರಿ 1839ರಾಗ ಮೊದಲು ಇಟ್ಟದ್ದು. "ಕ್ರಿಸ್‌ಮಸ್ ಯಾವಾಗ, ಯಾವಾಗ" ಅಂತ ಹುಡುಗರು ಜೀವ ತಿಂತಿದ್ವಂತ. ಗಾಡಿ ಗಾಲಿ ಮ್ಯಾಲೆ ವಾರದ ದಿನಕ್ಕ ಸಣ್ಣ ಕೆಂಪು ಬತ್ತಿ, ರವಿವಾರಕ್ಕ ದೊಡ್ಡ ಬಿಳಿ ಬತ್ತಿ. ನೇರಳೆ ಒಂದೂ ಇರಲಿಲ್ಲ! ಅದ ವರ್ಷ ಬಾಸೆಲ್ ಮಿಷನ್ನಿನವರು ಹುಬ್ಬಳ್ಳಿಗೆ ಬಂದ್ರು ಅಂತ ಮಾಸ್ತರ ಹೇಳಿದ್ರು ನೋಡ್ರಿ.

ಕೇಶ್ವಾಪುರ ಹುಡುಗ

ಕೆಲವು ಕಡೆ ಆಂಗ್ಲಿಕನ್, ಲೂಥರನ್ ಚರ್ಚುಗಳು ಅಡ್ವೆಂಟಿಗೆ ಕಡು ನೀಲಿ ಹಾಕ್ತಾರ, ಲೆಂಟಿನಿಂದ ಬ್ಯಾರೆ ಕಾಣಲಿ ಅಂತ. ನಮ್ಮಲ್ಲಿ ನೀಲಿ ಪಟ್ಟಿಯಾಗಿಲ್ಲ. ಸ್ಪೇನಿನಂಥ ಕೆಲವು ದೇಶಗಳಿಗೆ ಮಾತ್ರ ಡಿಸೆಂಬರ್ 8ರ ಮರಿಯಮ್ಮನ ಹಬ್ಬಕ್ಕ ನೀಲಿ ಹಾಕೋ ವಿಶೇಷ ಅನುಮತಿ ಐತಿ. ಹಿಂಗಾಗಿ ಖಜಾಂಚಿಯವರು "ಇದು ನೀಲಿ" ಅಂದದ್ದು ಭಾಳ ದೊಡ್ಡ ಅಪರಾಧ ಏನಲ್ಲ, ಚರ್ಚು ಯಾವ್ದು ಅನ್ನೋದರ ಮ್ಯಾಲೆ.

ಬೆಂಗೇರಿ ಬಣ್ಣ

ಅಣ್ಣಾರ, ನಾನು ಬಣ್ಣ ಹಾಕೂ ಕೆಲಸದವ. ಇಲ್ಲೆ ಹುಬ್ಬಳ್ಳಿ ಬೆಂಗೇರಿಯಾಗ ರಾಷ್ಟ್ರಧ್ವಜ ಮಾಡ್ತಾರ, ಧಾರವಾಡದ ಹತ್ರ ಗರಗದಾಗ ಅದಕ್ಕ ಖಾದಿ ನೇಯ್ತಾರ, ಗೊತ್ತಿದ್ದದ್ದ. ಧ್ವಜದ ಬಟ್ಟಿಗೆ ಬಣ್ಣ ಇಷ್ಟ ಇರಬೇಕು, ಬಿಸಲಿಗೆ, ನೀರಿಗೆ ಇಷ್ಟು ತಡಕೋಬೇಕು ಅಂತ ಬಿಐಎಸ್ (ದೇಶದ ಮಾನಕ ಸಂಸ್ಥೆ) ಮಾನಕ ಐತಿ. ಛಾಯೆ ಚೂರು ಹೆಚ್ಚುಕಡಿಮಿ ಆದ್ರ ಮಾಲು ವಾಪಸ್. ಚರ್ಚಿನ ನೇರಳೆಗೆ ಅಂಥಾ ಮಾನಕ ಇಲ್ಲ ಅಂತ ಮಾಸ್ತರ್ರು ಹೇಳಿದ್ರಲ್ಲ, ಹಂಗಾದ್ರ ಮಾನಕ ನೀವ ಮಾಡ್ರಿ. ಒಪ್ಪಿದ ಸ್ಯಾಂಪಲ್ಲು ಎರಡು ತುಂಡು ಮಾಡಿ, ಒಂದಕ್ಕ ಕಮಿಟಿಯವರ ಸಹಿ ಹಾಕಿಸಿ ನೀವು ಇಟ್ಕೊರಿ, ಒಂದು ಅವರ ಕಡೆ ಇರ್ಲಿ. ಪುಕ್ಕಟೆ ಸಲಹಾ.

ಇನ್ನ ಮಾಸೂದು. ಹಳೇ ಬಟ್ಟಿ ಬೂದಿ ಆಗೈತಿ ಅಂದ್ರಲ್ಲ, ಅಗ್ಗದ ನೇರಳೆದ ಹಣೇಬರಹಾನ ಅದು. ಕೆಂಪು, ನೀಲಿ ಕೂಡಿಸಿ ಮಾಡಿದ ನೇರಳೆಯಾಗ ಒಂದು ಮೊದಲು ಹಾರ್ತೈತಿ, ಇನ್ನೊಂದು ಉಳದು ಬಟ್ಟಿ ಕಳೆಗುಂದತೈತಿ. ಹತ್ತಿ ನೂಲಿಗೆ ವ್ಯಾಟ್ ಬಣ್ಣ ಹಾಕಸ್ರಿ, ತುಟ್ಟಿ ಆಗ್ತೈತಿ, ಖರೆ ಬಾಳ್ತೈತಿ. ಸ್ಯಾಂಪಲ್ಲಿನ ಅರ್ಧ ಭಾಗ ರಟ್ಟಿನಾಗ ಮುಚ್ಚಿ ಗಚ್ಚಿನ ಮ್ಯಾಲೆ ಬಿಸಲಿಗೆ ಒಂದು ವಾರ ಇಡ್ರಿ. ರಟ್ಟು ತಗದಾಗ ಗೆರಿ ಕಂಡ್ರ ಆ ಬಣ್ಣ ಬ್ಯಾಡ.

ಮತ್ತ ಹಸಿರು ವರ್ಷದಾಗ ಜಾಸ್ತಿ ದಿನ ಹೊರಗ ಇರ್ತೈತಿ ಅಂದ್ರ ಅದಕ್ಕೂ ಇದ ಪರೀಕ್ಷಾ ಮಾಡ್ರಿ. ಕಿಟಕಿ ಬಾಜೂಕ ವೇದಿ ಇದ್ರ ಒಂದು ಮಗ್ಗಲ ಮೊದಲು ಮಾಸ್ತೈತಿ, ತಿರುವಿ ಹಾಸ್ರಿ ಅಂತ ಅವರಿಗೆ ಹೇಳ್ರಿ.

ಘಂಟಿಕೇರಿ ಅಕ್ಕ

ಮೇಣದ ಕಲೆಗೆ: ಮೊದಲು ಗಟ್ಟಿ ಆದದ್ದನ್ನ ಉಗುರಿಲೆ ಎಬ್ಬಸ್ರಿ, ಆಮ್ಯಾಲೆ ಮ್ಯಾಲೊಂದು ಕೆಳಗೊಂದು ಅಚ್ಚಿಲ್ಲದ ಬಿಳಿ ಕಾಗದ ಇಟ್ಟು ಇಸ್ತ್ರಿ ಹೊಡೀರಿ, ಕಾಗದ ಹೀರ್ತೈತಿ. ಪೇಪರ್ ಇಡಬ್ಯಾಡ್ರಿ, ಬಿಳಿ ಸೆಟ್ಟಿನ ಮ್ಯಾಲೆ ನಿನ್ನಿ ಸುದ್ದಿ ಮೂಡ್ತೈತಿ.

ರೇಲ್ವೆ ಕಾಲನಿ

ಬಿಳಿ ಸೆಟ್ಟಿಗೆ ಬಂಗಾರದ ಬಣ್ಣ ನಡೀತದೇನು? ನಮ್ಮಲ್ಲಿ ಈಸ್ಟರಿಗೆ ಹಳದಿ ಹಾಸಿದ್ದ ನೋಡೇನಿ.

ಕೇಶ್ವಾಪುರ ಹುಡುಗ

ಬಂಗಾರ, ಬೆಳ್ಳಿ ದೊಡ್ಡ ಹಬ್ಬಕ್ಕ ನಡೀತೈತಿ. ಬರೇ ಹಳದಿ ಬ್ಯಾರೆ, ಬಂಗಾರ ಬ್ಯಾರೆ. ಹಳದಿ ಹಾಸಿದ್ರ ಮೈಲಾರದ ಭಂಡಾರ ನೆನಪಾಗ್ತೈತಿ ಅಂತ ನಮ್ಮ ಪಕ್ಕದ ಮನಿ ಅಜ್ಜ ಅನ್ನತಿದ್ರು. 😄

ಹಾವೇರಿ ಏಲಕ್ಕಿ

ಅದ್ರಾಗ ತಪ್ಪೇನು? ನಾನು ಕೇಳಿದ್ದಕ್ಕ ಇನ್ನೂ ಉತ್ತರ ಬಂದಿಲ್ಲ. ನಮ್ಮ ಮಣ್ಣಿನ ಬಣ್ಣಕ್ಕ ಚರ್ಚಿನಾಗ ಜಾಗ ಐತೋ ಇಲ್ಲೋ?

ಸಾಧನಕೇರಿ ಸಂಜೆ

ಐತ್ರಿ, ಕಾಗದದ ಮ್ಯಾಲಂತೂ ಐತಿ. 1969ರಾಗ ಭಾರತದ ಕಥೋಲಿಕ ಸಭೆಗೆ ರೋಮಿನಿಂದ 12 ಅಂಶದ ಅನುಮತಿ ಬಂತು. ಮೊಣಕಾಲು ಊರೋ ಬದಲು ಕೈಮುಗಿಯೋದು, ನೆಲದ ಮ್ಯಾಲೆ ಕುಂಡ್ರೋದು, ಆರತಿ, ಭಾರೀ ಪೂಜಾವಸ್ತ್ರದ ಬದಲು ಸರಳ ನಿಲುವಂಗಿ ಮ್ಯಾಲೆ ಅಂಗವಸ್ತ್ರ. ಬೆಳಗಾವಿ ಜಿಲ್ಲಾದ ದೇಶನೂರಿನಾಗ ಜೆಸ್ವಿಟ್ (ಕಥೋಲಿಕ ಸಂನ್ಯಾಸಿ ಸಂಘದ) ಸ್ವಾಮಿಗಳು ಕಾವಿ ಉಟ್ಟು ಮಠದ ಪದ್ಧತಿಯಾಗ ಇದ್ದವರು. ಬಣ್ಣದ ವಿಷಯದಾಗೂ, ಆಯಾ ದೇಶದ ಧರ್ಮಾಧ್ಯಕ್ಷರ ಮಂಡಳಿ ತಮ್ಮ ಜನರ ಸಂಸ್ಕೃತಿ ನೋಡಿ ಬದಲು ಸೂಚಿಸಬಹುದು ಅಂತ ಪೂಜಾಗ್ರಂಥದ ನಿಯಮದಾಗ ಅವಕಾಶ ಅದ. ಮಂದಿ ಕೇಳಬೇಕಷ್ಟ.

ರೇಲ್ವೆ ಕಾಲನಿ

ಮಂದಿ ಕೇಳಂಗಿಲ್ಲ. ನಮ್ಮ ಮಂದಿಗೆ ಚರ್ಚು ಅಂದ್ರ ಹೊರಗಿನ ಜಗತ್ತಿಗಿಂತ ಬ್ಯಾರೆ ಕಾಣಬೇಕು. ಅದೂ ಒಂದು ಆಸೆ, ಅದನ್ನ ಸುಳ್ಳ ಅನ್ನಬ್ಯಾಡ್ರಿ. ವರ್ಷಪೂರ್ತಿ ಹಸಿರು ನೋಡಿ ನೋಡಿ ಒಮ್ಮೆಲೆ ನೇರಳೆ ಕಂಡಾಗ, ಯಾರೂ ಹೇಳದನ ಕ್ರಿಸ್‌ಮಸ್ ಹತ್ರ ಬಂತು ಅಂತ ನನ್ನ ಮೊಮ್ಮಗಳಿಗೆ ತಿಳೀತೈತಿ. ಆಕಿಗೆ ಓದಾಕ ಬರಂಗಿಲ್ಲ ಇನ್ನೂ.

ಬೈಬಲ್ ಒಂದೇ

ಮೊಮ್ಮಗಳ ವಿಷಯಕ್ಕೆ ನನ್ನ ತಕರಾರಿಲ್ಲ. ಮಕ್ಕಳಿಗೆ ಕಲಿಸಲು ಉಪಯೋಗ ಆಗುತ್ತದೆ ಎಂದರೆ ಒಪ್ಪುತ್ತೇನೆ. ಕಡ್ಡಾಯ ಎಂದರೆ ಒಪ್ಪುವುದಿಲ್ಲ.

ಬೆಟಗೇರಿ ಮಗ್ಗ

ಎಲ್ಲಾರಿಗೂ ಉಪಕಾರ ಆತು. ಮಾಸ್ತರ್ರು ಬರದದ್ದು ತೋರಿಸಿದೆ, ಘಂಟಿಕೇರಿ ಅಕ್ಕಾರ ಮಾತಿನಂಗ ಒಂದ ಬಣ್ಣದ ನೂಲಿನಾಗ ಎರಡು ಛಾಯೆ ನೇಯ್ದು ಒಯ್ದೆ. ಈ ಸಲ ಒಳಗೊಮ್ಮೆ ಹೊರಗೊಮ್ಮೆ ಅಲ್ಲ, ವೇದಿ ಮ್ಯಾಲ ಹಾಸಿ, ಅವರನ್ನೆಲ್ಲ ಕೊನೀ ಬೆಂಚಿನಾಗ ಕುಂಡ್ರಿಸಿ ನೋಡಸಿದೆ. ಕಡು ಛಾಯೆ ಅಲ್ಲಿಂದ ಕಪ್ಪು ಕಂಡು ಬಿದ್ದುಹೋತು. ತಿಳಿ ಪಾಸ್ ಆಗಿ ಸಹಿ ಬಿತ್ತು. ಹಸಿರು ಎರಡು ಸೆಟ್ಟು ಆಗ್ಲಿ ಅಂದ್ರು, ಗುಲಾಬಿ ಬ್ಯಾಡ ಅಂದ್ರು.

ಈಗ ಹೊಸ ಪ್ರಶ್ನೆ. ಪೀಠದ ಪಟ್ಟಿ ಮ್ಯಾಲೆ ಗೋದಿ ತೆನಿ, ದ್ರಾಕ್ಷಿ ಗೊಂಚಲು ಬೇಕಂತ. ಮಗ್ಗದಾಗ ಬುಟ್ಟಾ ಹಾಕಲೋ, ಕೈಯಾಗ ಹಾಕಸಲೋ?

ಹಾವೇರಿ ಏಲಕ್ಕಿ

ಗೋದಿ ಯಾಕ? ಜೋಳದ ತೆನಿ ಹಾಕ್ರಿ. ನಾವು ಉಣ್ಣೂದು ಜೋಳದ ರೊಟ್ಟಿ.

ಕೇಶ್ವಾಪುರ ಹುಡುಗ

ಪೂಜಿಯ ರೊಟ್ಟಿ ಗೋದಿದ ಇರಬೇಕು ಅಂತ ನಮ್ಮಲ್ಲಿ ಕಟ್ಟಾ ನಿಯಮ ಐತ್ರಿ, ಅದಕ್ಕ ಗೋದಿ ತೆನಿ. ಚಿತ್ರಕ್ಕ ಜೋಳ ಹಾಕಿದ್ರ ಯಾರ ಬರಂಗಿಲ್ಲ ಅಂತಾರ?

ಸಾಧನಕೇರಿ ಸಂಜೆ

ಕಸೂತಿ ಹಾಕಸ್ರಿ! ಧಾರವಾಡದಾಗ ಇದ್ದುಕೊಂಡು ಹೊರಗಿನಿಂದ ಯಂತ್ರದ ಕಸೂತಿ ತರಸ್ತಾರ ಅಂದ್ರ ಹೊಟ್ಟಿ ಉರೀತೈತಿ. ಅದರಾಗೂ ಸ್ಟೋಲಿಗೆ ಗಾವಂತಿ ಹೊಲಿಗಿ ಹೇಳಿ ಮಾಡಿಸಿದ್ದು. ಹೋದ ದಾರಿಯಾಗ ಸೂಜಿ ವಾಪಸ್ ಬಂದು ಬಿಟ್ಟ ಜಾಗಾ ತುಂಬತೈತಿ, ಗಂಟು ಹಾಕಂಗಿಲ್ಲ, ಹಿಂದ ಮುಂದ ಎರಡೂ ಕಡೆ ಒಂದ ಥರ ಕಾಣ್ತೈತಿ. ಅಯ್ಯನವರು ಬಗ್ಗಿದಾಗ ಸ್ಟೋಲು ತಿರುವಿಕೊಂಡ್ರೂ ಚಿಂತಿ ಇಲ್ಲ. ಮುರಗಿ ಹೊಲಿಗಿನೂ ಹಂಗ. ನೇಗಿ ಹೊಲಿಗಿ ಹಾಕಿದ್ರ ಮಾತ್ರ ಹಿಂದಿನ ಮಗ್ಗಲ ಬ್ಯಾರೆ ಕಾಣ್ತೈತಿ, ಅದನ್ನ ಪೀಠದ ಪಟ್ಟಿಗೆ ಇಟ್ಕೊರಿ. ಆದ್ರ ದ್ರಾಕ್ಷಿಯ ದುಂಡು ಕಸೂತಿಯಾಗ ಬರಂಗಿಲ್ಲ, ಎಳಿ ಎಣಿಸಿ ಹಾಕೂದು ನೋಡ್ರಿ, ಎಲ್ಲಾ ಮೂಲಿ ಮೂಲಿ ಆಗ್ತೈತಿ.

ಘಂಟಿಕೇರಿ ಅಕ್ಕ

ಕಸೂತಿ ಅಂದ್ರ ಗೋಪುರ, ತೇರು, ಆನಿ, ತುಳಸಿಕಟ್ಟಿ. ತುಳಸಿಕಟ್ಟಿ ವೇದಿ ಮ್ಯಾಲೆ ಹೋದ್ರ ನಮ್ಮ ಖಜಾಂಚಿಯವರಿಗೆ ಮೂರ್ಛೆ ಬರ್ತೈತಿ. ಶಿಲುಬಿ ಹಾಕೋಣ, ಎಳಿ ಎಣಿಸೂ ಹೊಲಿಗಿಗೆ ಅದರಷ್ಟು ಸಸಾರ ಯಾವ್ದೂ ಇಲ್ಲ.

ಹಾವೇರಿ ಏಲಕ್ಕಿ

ನಮ್ಮ ಖಜಾಂಚಿ ಅಂದ್ರಿ?? ಅಕ್ಕಾರ, ಅಂದ್ರ ಈ ಚರ್ಚು ನಿಮ್ಮದ?

ಘಂಟಿಕೇರಿ ಅಕ್ಕ

ನಾನು ಹಂಗ ಮಾತಿಗೆ ಅಂದೆ. ಖಜಾಂಚಿ ಎಲ್ಲಾ ಚರ್ಚಿಗೂ ಒಂದ ಥರಾನ ಇರ್ತಾರ.

ಫೇಡಾ ಲೈನ್

ರಾಣಿ ಬಣ್ಣ ಅಂದ ಅಕ್ಕಾರು ಯಾರು ಅಂತ ಈಗ ತಿಳೀತು. 😂

ಬೆಟಗೇರಿ ಮಗ್ಗ

ನಾನು ಏನೂ ಹೇಳಂಗಿಲ್ರಿ, ಇನ್ನೂ ಅರ್ಧ ರೊಕ್ಕ ಬರೂದೈತಿ. ಕಸೂತಿ ಹಾಕೋರು ಗೊತ್ತಿದ್ರ ಹೇಳ್ರಿ. ಅಡ್ವೆಂಟಿಗೆ ನೇರಳೆ ಸೆಟ್ಟು ಮೊದಲು ಕೊಡಬೇಕು.

ಸಾಧನಕೇರಿ ಸಂಜೆ

ನಮ್ಮ ಕಾಕೂ ಹಾಕ್ತಾರ. ಆದ್ರ ಗೌರಿ ಹಬ್ಬದಿಂದ ದೀಪಾವಳಿ ತನಕ ಅವರ ಕೈ ಖಾಲಿ ಇರಂಗಿಲ್ಲ, ಸೀರಿ ಕೆಲಸ ಇರ್ತೈತಿ. ನೇರಳೆ ಮ್ಯಾಲೆ ಯಾವ ದಾರ ಅಂತ ಈಗ ಹೇಳಿದ್ರ ತಗದಿಡ್ತಾರ. ಬಿಳಿ ಬ್ಯಾಡ, ಭಾಳ ಎದ್ದು ಕಾಣ್ತೈತಿ. ತಿಳಿ ಬೂದಿ ನೋಡ್ರಿ, ಇಲ್ಲಾ ಹಳೇ ಬಂಗಾರ. ನಂಬರ್ ಮೆಸೇಜಿಗೆ ಕಳಸ್ತೀನಿ.